ಸಾಕ್ಷಿಯಕ್ಕನ ಚೀಲ

ಏಳನೆಯ ತರಗತಿಯಲ್ಲಿ ನನ್ನ ಬಳಿ ಓದಿದ ಮಕ್ಕಳಲ್ಲಿ, ಲೆಕ್ಕದ ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಉತ್ತರವನ್ನು ನಂಬದವಳು ಅವಳೊಬ್ಬಳೇ. ಉಳಿದವರು ತಮ್ಮ ಉತ್ತರ ಪುಸ್ತಕಕ್ಕೆ ಹೊಂದದಿದ್ದರೆ ತಮ್ಮದನ್ನು ಅಳಿಸಿ ಪುಸ್ತಕದ್ದನ್ನು ಬರೆದುಕೊಳ್ಳುತ್ತಿದ್ದರು. ಇವಳು ಪುಸ್ತಕವನ್ನೇ ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬರುತ್ತಿದ್ದಳು. ಆ ವರ್ಷ ಎರಡು ಸಲ ಪುಸ್ತಕವೇ ತಪ್ಪಿತ್ತು. ಆ ಎರಡು ಗೆಲುವುಗಳು ಅವಳನ್ನು ಕೆಡಿಸಿದವೋ ಉದ್ಧರಿಸಿದವೋ ಎಂಬುದು ನನಗೆ ಇಂದಿಗೂ ತೀರ್ಮಾನವಾಗಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅರ್ಥ ಬಿಡಿಸಿ ಹೇಳಿದವನು ನಾನೇ. ಅದನ್ನು ಅವಳು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಾಳೆಂದು ಆಗ ಅನ್ನಿಸಿರಲಿಲ್ಲ.

ಈಗ ಅವಳಿಗೆ ನಲವತ್ತೈದು ದಾಟಿದೆ. ನಮ್ಮ ಮನೆಯಿಂದ ಮೂರನೆಯ ಮನೆ. ಬಣ್ಣದ ಮೀನುಗಳನ್ನು ವಿಮಾನದಲ್ಲಿ ಬೇರೆ ಊರುಗಳಿಗೆ ಕಳುಹಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ಮೀನು ಕಟ್ಟುವ ಕೆಲಸ. ಕಟ್ಟುವ ಕೋಣೆ ಉದ್ದವಾಗಿದೆ. ನೆಲ ಯಾವಾಗಲೂ ಒದ್ದೆ, ಒಂದು ಗೋಡೆಗೆ ಗಾಜಿನ ತೊಟ್ಟಿಗಳ ಸಾಲು, ಇನ್ನೊಂದು ಗೋಡೆಗೆ ಆಕ್ಸಿಜನ್ ಸಿಲಿಂಡರ್, ನಡುವೆ ತಗಡು ಹೊದಿಸಿದ ಮೇಜು. ಪ್ಲಾಸ್ಟಿಕ್ ಚೀಲಕ್ಕೆ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್. ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಬಿಗಿದು, ಚೀಲಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಬೇಕು. ಕೇಳಲು ಸುಲಭ. ಕಷ್ಟವಿರುವುದು ಒಂದು ಚೀಲಕ್ಕೆ ಎಷ್ಟು ಮೀನು ಎಂಬಲ್ಲಿ. ಆರು ಗಂಟೆಯ ದಾರಿಯಾದರೆ ನಲವತ್ತು ಮೀನು ಹಿಡಿಸುತ್ತವೆ, ಹನ್ನೆರಡು ಗಂಟೆಗೆ ಮೂವತ್ತು. ದಾರಿ ಉದ್ದವಾದಷ್ಟೂ ಮೀನು ಕಡಿಮೆಯಾಗಬೇಕು, ಇಲ್ಲದಿದ್ದರೆ ಉಸಿರು ಸಾಲದು. ಆದ್ದರಿಂದ ಆ ಕೋಣೆಯಲ್ಲಿ ಎಲ್ಲವೂ ನಿಂತಿರುವುದು ಗಂಟೆಯ ಲೆಕ್ಕದ ಮೇಲೆ.

ಅಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ಸಾಕ್ಷಿಯಕ್ಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತಿರದ ಊರಿನ ಗಿರಾಕಿಯೊಬ್ಬ ಮೀನು ಸತ್ತು ಬಂದವೆಂದು ದೂರಿದ್ದ. ಅಂದಿನಿಂದ ಅವಳೊಂದು ಪದ್ಧತಿ ಮಾಡಿಕೊಂಡಳು. ಪ್ರತಿ ಸಲವೂ ಒಂದು ಚೀಲ ಹೆಚ್ಚಿಗೆ ಕಟ್ಟುವುದು: ಅದೇ ತೊಟ್ಟಿಯ ಮೀನು, ಅದೇ ನೀರು, ಅದೇ ಗಳಿಗೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಕೋಣೆಯ ಕಪಾಟಿನಲ್ಲೇ ಉಳಿಸಿಕೊಳ್ಳುವುದು. ಅಲ್ಲಿ ಗಿರಾಕಿ ಪೆಟ್ಟಿಗೆ ತೆರೆಯುವ ಹೊತ್ತಿಗೆ ಸರಿಯಾಗಿ ಇಲ್ಲಿ ಇದನ್ನು ಬಿಚ್ಚಿ ನೋಡುವುದು. ಇಲ್ಲಿಯ ಮೀನು ಈಜುತ್ತಿದ್ದರೆ ಅಲ್ಲಿಯದೂ ಈಜುತ್ತಿರಬೇಕು. ಇಲ್ಲವೆಂದು ಅವನು ಹೇಳಿದರೆ ಅವನು ಸುಳ್ಳ, ಇಲ್ಲವೇ ದಾರಿಯಲ್ಲಿ ಯಾರೋ ಕೈಯಾಡಿಸಿದ್ದಾರೆ. ಅದಕ್ಕೆ ಅವಳಿಟ್ಟ ಹೆಸರು ಸಾಕ್ಷಿ ಚೀಲ. ಹನ್ನೆರಡು ವರ್ಷಗಳಲ್ಲಿ ಆ ಚೀಲ ಇಬ್ಬರು ಸುಳ್ಳು ಗಿರಾಕಿಗಳನ್ನೂ, ಪೆಟ್ಟಿಗೆಗಳನ್ನು ಬಿಸಿಲಿನಲ್ಲಿ ಮರೆತ ಒಬ್ಬ ಹಮಾಲಿಯನ್ನೂ ಹಿಡಿದುಕೊಟ್ಟಿತ್ತು. ಮಾಲೀಕರಿಗೆ ಅದರ ಮೇಲಿದ್ದ ನಂಬಿಕೆ ನ್ಯಾಯಾಲಯದ ಮೇಲೂ ಇರಲಿಲ್ಲ.

ಈ ವರ್ಷ ಹೊಸ ಗಿರಾಕಿಯೊಬ್ಬ ಸಿಕ್ಕಿದ. ನಮ್ಮ ಕಡೆಯವನೇ, ಪಡುವಣದ ಒಂದು ದೂರದ ಪಟ್ಟಣದಲ್ಲಿ ನೆಲೆಸಿದವನು. ಅದುವರೆಗೆ ಇವರ ಮೀನುಗಳು ಒಂದೆರಡು ಗಂಟೆ ಹಾರಿದರೆ ಸೇರುವಂಥ ಊರುಗಳಿಗೆ ಮಾತ್ರ ಹೋಗುತ್ತಿದ್ದವು. ಮಾಲೀಕರು ಹೊಸ ವಿಮಾನದ ವೇಳೆಯನ್ನು ಒಂದು ಚೀಟಿಯಲ್ಲಿ ನಕಲು ಮಾಡಿ ಮೇಜಿನ ಮೇಲೆ ಅಂಟಿಸಿದರು: ಶನಿವಾರ, ಹೊರಡುವುದು ಬೆಳಗ್ಗೆ ಒಂಬತ್ತು ಇಪ್ಪತ್ತು, ಸೇರುವುದು ಮಧ್ಯಾಹ್ನ ಒಂದು ನಲವತ್ತು. ಇಳಿದ ಮೇಲೆ ತಪಾಸಣೆ ಮುಗಿದು ಅಂಗಡಿ ಸೇರಲು ಮೂರು ಗಂಟೆ. ಸಾಕ್ಷಿಯಕ್ಕ ಬೆರಳು ಮಡಿಚಿದಳು. ಬೆಳಗ್ಗೆ ಐದಕ್ಕೆ ಕಟ್ಟಿದರೆ ಸಂಜೆ ನಾಲ್ಕು ನಲವತ್ತಕ್ಕೆ ಬಿಚ್ಚುತ್ತಾರೆ. ಹನ್ನೆರಡು ಗಂಟೆಗೆ ಇಪ್ಪತ್ತು ನಿಮಿಷ ಕಡಿಮೆ. ಚೀಲಕ್ಕೆ ಮೂವತ್ತು ಮೀನು.

ಮೊದಲ ಶನಿವಾರ ಸಂಜೆ ನಾಲ್ಕು ನಲವತ್ತಕ್ಕೆ ಸಾಕ್ಷಿ ಚೀಲ ಬಿಚ್ಚಿದಾಗ ಮೂವತ್ತಕ್ಕೆ ಮೂವತ್ತೂ ಬಾಲ ಅಲ್ಲಾಡಿಸುತ್ತಿದ್ದವು. ಭಾನುವಾರ ಬೆಳಗ್ಗೆ ದೂರು ಬಂತು: ಕಾಲು ಭಾಗ ಸತ್ತಿವೆ. ಎರಡನೆಯ ಶನಿವಾರವೂ ಹಾಗೆಯೇ. ಗಿರಾಕಿ ಸತ್ತ ಮೀನುಗಳ ಫೋಟೋ ಕಳುಹಿಸಿದ. ಅವಳು ಆ ಫೋಟೋವನ್ನು ಮಾಲೀಕರ ಫೋನಿನಲ್ಲಿ ಹಿಗ್ಗಿಸಿ, ಒಂದೇ ಮೀನನ್ನು ಎರಡು ಕಡೆ ಮಲಗಿಸಿದ್ದಾನೆಯೇ ಎಂದು ಬಾಲದ ಮಚ್ಚೆ ಹಿಡಿದು ಪರೀಕ್ಷಿಸಿದಳು. ಮೂರನೆಯ ಶನಿವಾರವೂ ಅದೇ ಕಥೆ.

ಅವಳ ತಲೆಯಲ್ಲಿ ಒಂದೊಂದೇ ಅನುಮಾನ ಎದ್ದು ಕುಳಿತಿತು. ನಾಲ್ಕು ನಲವತ್ತಕ್ಕೆ ಪೆಟ್ಟಿಗೆ ತೆರೆದವನು ಮರುದಿನ ಬೆಳಗಿನವರೆಗೆ ಬಾಯಿ ಮುಚ್ಚಿಕೊಂಡಿರುವುದೇಕೆ? ರಾತ್ರಿಯೆಲ್ಲ ಏನು ಮಾಡುತ್ತಾನೆ? ಇನ್ನು ಮಾಲೀಕರ ನಡತೆಯೂ ಅವಳಿಗೆ ಸರಿಕಾಣಲಿಲ್ಲ. ಶನಿವಾರ ಸಂಜೆ ಐದಕ್ಕೆ ಅವರು ಗಿರಾಕಿಗೆ ಫೋನ್ ಮಾಡುತ್ತಿದ್ದರು. ಪೆಟ್ಟಿಗೆ ತೆರೆದಾಗಿರಬೇಕಾದ ಹೊತ್ತು. ಮೀನು ಹೇಗಿವೆ ಎಂದು ಕೇಳಬೇಕು ತಾನೇ? ಅವರು ಕೇಳುತ್ತಿದ್ದುದು ಊಟ ಆಯಿತಾ ಎಂದು. ಸಂಜೆ ಐದಕ್ಕೆ ಎಂಥ ಊಟ? ಇಬ್ಬರ ನಡುವೆ ಏನೋ ಗುಟ್ಟಿನ ಮಾತು ನಡೆದಿದೆ ಎಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಆದರೆ ಅನ್ನ ಕೊಡುವ ಮಾಲೀಕರ ಮೇಲೆ ಬೆರಳು ತೋರಿಸುವಂತಿಲ್ಲ, ದೂರದ ಗಿರಾಕಿ ಕೈಗೆ ಸಿಗುವುದಿಲ್ಲ. ಕೈಗೆ ಸಿಕ್ಕಿದವನು ವ್ಯಾನಿನ ಚಾಲಕ. ಅವನು ಅವಳ ಮೈದುನ. ಅದೇ ಮನೆಯ ಮಹಡಿಯ ಕೋಣೆಯಲ್ಲಿರುವವನು. ಐದು ವರ್ಷದ ಹಿಂದೆ ಅವನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ನಗುನಗುತ್ತಾ ಮಾತನಾಡುವ ಮನುಷ್ಯ. ಅತ್ತಿಗೆ ಉಪ್ಪನ್ನೂ ನಾಲಿಗೆಗೆ ಹಚ್ಚಿಯೇ ಉಪ್ಪು ಎಂದು ಒಪ್ಪುವವರು ಎಂದು ಎಲ್ಲರೆದುರೂ ತಮಾಷೆ ಮಾಡುವವನು.

ಎರಡನೆಯ ದೂರು ಬಂದಾಗಿನಿಂದಲೇ ಅವಳು ವ್ಯಾನಿನ ಮೀಟರ್ ಬರೆದಿಡತೊಡಗಿದ್ದಳು. ಕಟ್ಟುವ ಕೋಣೆಯಿಂದ ವಿಮಾನ ನಿಲ್ದಾಣದ ಸರಕು ಬಾಗಿಲಿಗೆ ಮೂವತ್ತೊಂದು ಕಿಲೋಮೀಟರ್. ಹೋಗಿ ಬಂದರೆ ಅರವತ್ತೆರಡು. ಸೋಮವಾರವೂ ಗುರುವಾರವೂ ಅರವತ್ತೆರಡೇ ಇತ್ತು. ಶನಿವಾರ ಮಾತ್ರ ಅರವತ್ತೈದು.

ಮೂರು ಕಿಲೋಮೀಟರ್ ಎಲ್ಲಿಗೆ ಹೋಯಿತು ಎಂದು ಅವಳು ಊಟಕ್ಕೆ ಕುಳಿತಾಗಲೇ ಕೇಳಿದಳಂತೆ. ಹಳೆಯ ರಸ್ತೆಯನ್ನು ಅಗೆದಿದ್ದಾರೆ, ಬರೀ ಗುಂಡಿ, ಅದಕ್ಕೇ ಹಿಂದಿನ ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತೇನೆ ಎಂದು ಅವನು ಹೇಳಿದ.

"ಗುಂಡಿ ಶನಿವಾರ ಮಾತ್ರ ಇರುತ್ತಾ?" ಎಂದಳು.

"ಶನಿವಾರದ್ದು ದೂರ ಹೋಗೋ ಮೀನು ಅತ್ತಿಗೆ. ಇಲ್ಲಿಂದಲೇ ಕುಲುಕಿಸಿ ಕಳಿಸೋದು ಬೇಡ ಅಂತ."

"ನಿನಗೆ ಯಾವಾಗಿಂದ ಮೀನಿನ ಮೇಲೆ ಇಷ್ಟೊಂದು ಪ್ರೀತಿ?"

ಅವನು ಕೈ ತೊಳೆದುಕೊಂಡು ಎದ್ದುಹೋದ. ಮರುದಿನದಿಂದ ಅವನ ಊಟ ಮಹಡಿಯ ಮೆಟ್ಟಿಲ ಮೇಲೆ. ಅವಳ ಗಂಡ ಕೊಳಾಯಿ ರಿಪೇರಿಯವನು, ಮಾತು ಕಡಿಮೆ. ಅಣ್ಣನಾಗಿ ತಮ್ಮನ ಪರ ವಹಿಸಲೂ ಆರ, ಹೆಂಡತಿಯನ್ನು ಬಿಟ್ಟುಕೊಡಲೂ ಆರ. ಹಿಡಿದು ಕುಳಿತಿದ್ದ ಲೋಟವನ್ನೇ ನೋಡುತ್ತಾ ಕೂತುಬಿಡುತ್ತಿದ್ದನಂತೆ.

ಮಂಗಳವಾರ ಮಾಲೀಕರು ಅವಳನ್ನು ಕರೆದು ನೇರವಾಗಿ ಕೇಳಿದರು. ಸಾಕ್ಷಿ ಚೀಲ ಏನು ಹೇಳುತ್ತದೆ? ಮೂರು ಸಲವೂ ಎಲ್ಲವೂ ಬದುಕಿದ್ದವು ಎಂದಳು. ಹಾಗಾದರೆ ದೋಷ ದಾರಿಯಲ್ಲಿ ಎಂದರು. ಅವಳು ಮೀಟರ್ ಲೆಕ್ಕದ ಕಾಗದವನ್ನು ಮುಂದಿಟ್ಟಳು. ಮಾಲೀಕರು ಅದನ್ನು ಎರಡು ಸಲ ಓದಿ ಮಡಿಚಿ ಜೇಬಿಗೆ ಹಾಕಿಕೊಂಡರು. ಈ ಶನಿವಾರದಿಂದ ಬೇರೆ ಚಾಲಕ. ಶುಕ್ರವಾರ ಬೆಳಗ್ಗೆ ಮೈದುನ ವ್ಯಾನಿನ ಕೀ ಒಪ್ಪಿಸಿ ಹೋಗಬೇಕು. ಐದು ವರ್ಷದ ಕೆಲಸ ಅತ್ತಿಗೆಯ ಒಂದು ಚೀಟಿಯಿಂದ ಹೋಯಿತು.

ಅಲ್ಲಿಗೆ ಬಿಟ್ಟಿದ್ದರೆ ಅವಳು ನನ್ನ ಶಿಷ್ಯೆಯೇ ಅಲ್ಲ. ಅಪರಾಧಿ ಸಿಕ್ಕಿದ ಮೇಲೂ ಅವಳಿಗೆ ಗಿರಾಕಿಯ ಮೇಲಿನ ಅನುಮಾನ ಹೋಗಲಿಲ್ಲ. ಅವನು ತನ್ನ ದೂರಿನ ಜೊತೆಗೆ ಒಂದು ಮಾತು ಬರೆದಿದ್ದ: ಆರು ಸಾವಿರದ ಒಂಬೈನೂರು ಕಿಲೋಮೀಟರ್ ಆಕಾಶದಲ್ಲಿ ಬರುವ ಮೀನನ್ನು ಇಷ್ಟು ಒತ್ತೊತ್ತಾಗಿ ಕಟ್ಟುತ್ತಾರೆಯೇ? ಈ ಅಂಕಿ ಅವಳಿಗೆ ಚುಚ್ಚಿತು. ನಾಲ್ಕು ಗಂಟೆ ಚಿಲ್ಲರೆಯ ದಾರಿ ಅಷ್ಟು ದೂರ ಹೇಗೆ ಇದ್ದೀತು? ಪುಕ್ಕಟೆ ಮೀನು ಹೊಡೆಯಲು ದೂರವನ್ನು ಉಬ್ಬಿಸಿ ಹೇಳುತ್ತಿದ್ದಾನೆ ಎಂದುಕೊಂಡು, ಬುಧವಾರ ಸಂಜೆ ನಮ್ಮ ಮನೆಗೆ ಬಂದಳು.

"ಮೇಷ್ಟ್ರೇ, ನಿಮ್ಮ ಹತ್ತಿರ ಆ ಭೂಮಿ ಗೋಳ ಇನ್ನೂ ಇದೆಯಾ? ಒಬ್ಬನ ಸುಳ್ಳು ಅಳೆಯಬೇಕು."

ಗೋಳ ಇತ್ತು. ಶಾಲೆಯಲ್ಲಿ ಮಕ್ಕಳ ಕೈಯಿಂದ ಬಿದ್ದು ಒಂದು ಕಡೆ ನೆಗ್ಗಿದ್ದರಿಂದ ನಿವೃತ್ತಿಯ ದಿನ ನನಗೇ ಕೊಟ್ಟುಬಿಟ್ಟಿದ್ದರು. ನನ್ನ ಹೆಂಡತಿಯ ಹೊಲಿಗೆ ಡಬ್ಬಿಯಿಂದ ನೂಲು ತಂದೆ. ಎರಡು ಪಟ್ಟಣಗಳ ನಡುವೆ ನೂಲನ್ನು ಬಿಗಿಯಾಗಿ ಹಿಡಿದು ಕತ್ತರಿಸಿ, ಅದೇ ತುಂಡಿನಿಂದ ಗೋಳದ ನಡುವಿನ ಗೆರೆಯನ್ನು ಸುತ್ತ ಅಳೆಯಲು ಹೇಳಿದೆ. ಭೂಮಿಯ ಸುತ್ತಳತೆ ಸುಮಾರು ನಲವತ್ತು ಸಾವಿರ ಕಿಲೋಮೀಟರ್ ಎಂಬುದು ಅವಳಿಗೆ ನೆನಪಿತ್ತು. ಐದು ಸಲ ಪೂರ್ತಿ ಹಿಡಿಸಿತು. ಆರನೆಯದಕ್ಕೆ ತುಸು ಜಾಗ ಸಾಲದೆ ಬಂತು. ಅವಳು ಎರಡನೆಯ ಸಲ ಅಳೆದಳು. ನಾನು ನೂಲನ್ನು ಸಡಿಲ ಹಿಡಿದಿದ್ದೇನೆಂದು ಮೂರನೆಯ ಸಲ ತಾನೇ ಎರಡು ತುದಿಯನ್ನೂ ಹಿಡಿದು ಅಳೆದಳು. ಹೇಗೆ ನೋಡಿದರೂ ಆರು ಸಾವಿರದ ಒಂಬೈನೂರರ ಆಸುಪಾಸೇ.

ಗಿರಾಕಿ ಸುಳ್ಳು ಹೇಳಿರಲಿಲ್ಲ. ಅವಳ ಮುಖ ಸಣ್ಣದಾಯಿತು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಭಾಗಾಕಾರ ಮಾಡಿದಳು. ಆರು ಸಾವಿರದ ಒಂಬೈನೂರನ್ನು ನಾಲ್ಕು ಗಂಟೆ ಇಪ್ಪತ್ತು ನಿಮಿಷದಿಂದ ಭಾಗಿಸಿದರೆ ಗಂಟೆಗೆ ಸಾವಿರದ ಐನೂರ ತೊಂಬತ್ತು ಚಿಲ್ಲರೆ ಬಂತು. ಜನ ಕೂತು ಹೋಗುವ ವಿಮಾನ ಎಷ್ಟು ವೇಗವಾಗಿ ಹಾರುತ್ತದೆ ಎಂದು ಕೇಳಿದಳು. ಎಂಟುನೂರು, ಬಹಳವೆಂದರೆ ಒಂಬೈನೂರು ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟಳು. ದೂರ ನಿಜ, ವಿಮಾನದ ವೇಗ ನಿಜ. ಹಾಗಾದರೆ ಮಾಲೀಕರ ಚೀಟಿಯೇ ಸುಳ್ಳು ಎಂದು ಅವಳ ಅನುಮಾನ ಈಗ ಅತ್ತ ತಿರುಗಿತು. ತನಗೆ ಬೇಕೆಂದೇ ತಪ್ಪು ವೇಳೆ ಕೊಟ್ಟಿದ್ದಾರೆ, ಆ ಊಟದ ಗುಟ್ಟು ಬೇರೆ ಇದೆ ಎಂದು ಸಂಜೆ ಐದರ ಫೋನಿನ ವಿಷಯವನ್ನೆಲ್ಲ ನನಗೆ ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಊಟ ಆಯಿತಾ ಎಂಬ ಮಾತಿಗೆ ಬಂದಾಗ ಥಟ್ಟನೆ ನಿಲ್ಲಿಸಿದಳು. ಕಣ್ಣು ಗೋಳದ ಮೇಲಿತ್ತು. ಪಕ್ಕದ ಕಿಟಕಿಯಿಂದ ಬಂದ ಸಂಜೆಯ ಬಿಸಿಲು ಅದರ ಒಂದು ಮಗ್ಗುಲಿಗೆ ಮಾತ್ರ ಬಿದ್ದಿತ್ತು.

"ಅವನಿಗೆ ನಿಜವಾಗಲೂ ಊಟದ ಹೊತ್ತು" ಎಂದಳು, ಬಹಳ ಮೆಲ್ಲಗೆ. "ನಮಗೆ ಸಂಜೆ ಐದು. ಅಲ್ಲಿ ಮಧ್ಯಾಹ್ನ."

ನಾನು ಗೋಳದ ಮೇಲಿನ ಉದ್ದಗೆರೆಗಳನ್ನು ಎಣಿಸಿ ತೋರಿಸಿದೆ: ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರ. ಚೀಟಿಯಲ್ಲಿದ್ದ ಒಂದು ನಲವತ್ತು ಅಲ್ಲಿಯ ಗಡಿಯಾರದ್ದು. ನಮ್ಮ ಗೋಡೆಯ ಗಡಿಯಾರದಲ್ಲಿ ಆಗ ಸಂಜೆ ಆರು ಹತ್ತು. ಹಾರಾಟ ನಾಲ್ಕು ಗಂಟೆ ಇಪ್ಪತ್ತು ನಿಮಿಷವಲ್ಲ, ಎಂಟು ಗಂಟೆ ಐವತ್ತು ನಿಮಿಷ. ಅವಳು ಮತ್ತೆ ಭಾಗಿಸಿದಳು. ಗಂಟೆಗೆ ಏಳುನೂರ ಎಂಬತ್ತು. ಈ ಉತ್ತರವನ್ನು ಅವಳು ಅನುಮಾನಿಸಲಿಲ್ಲ.

ಇಲ್ಲೊಂದು ಮಾತು ನಾನೂ ಒಪ್ಪಿಕೊಳ್ಳಬೇಕು. ಒಂದೊಂದು ಊರಿಗೆ ಒಂದೊಂದು ವೇಳೆ ಏಕೆ ಎಂಬ ಪಾಠ ಏಳನೆಯ ತರಗತಿಯ ಭೂಗೋಳದಲ್ಲಿ ಕೊನೆಯದಾಗಿತ್ತು. ಪರೀಕ್ಷೆಗೆ ಬರುವುದಿಲ್ಲ, ಮನೆಯಲ್ಲಿ ಓದಿಕೊಳ್ಳಿ ಎಂದು ಆ ವರ್ಷ ನಾನು ಪುಸ್ತಕ ಮುಚ್ಚಿದ್ದೆ. ಅದನ್ನು ಅವಳಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ, ಅನುಮಾನಿಸಬೇಕಾದವರ ಪಟ್ಟಿಯಲ್ಲಿ ನಾನೊಬ್ಬ ಬಿಟ್ಟುಹೋಗಿದ್ದೆ ಎಂಬ ಭಾವ ಸ್ಪಷ್ಟವಾಗಿತ್ತು.

ಆಮೇಲೆ ಅವಳು ಮತ್ತೆ ಬೆರಳು ಮಡಿಚಿದಳು. ಬೆಳಗ್ಗೆ ಐದಕ್ಕೆ ಕಟ್ಟಿದ ಮೀನನ್ನು ಅವನು ತೆರೆಯುವುದು ನಮ್ಮ ರಾತ್ರಿ ಒಂಬತ್ತು ಹತ್ತಕ್ಕೆ, ಅಂದರೆ ಹದಿನಾರು ಗಂಟೆ ಹತ್ತು ನಿಮಿಷದ ಮೇಲೆ. ಅವಳು ಸಾಕ್ಷಿ ಚೀಲವನ್ನು ಬಿಚ್ಚುತ್ತಿದ್ದುದು ಅದಕ್ಕೆ ನಾಲ್ಕೂವರೆ ಗಂಟೆ ಮೊದಲು. ಹತ್ತಿರದ ಊರುಗಳಿಗೆ ಗಡಿಯಾರ ಒಂದೇ ಆದ್ದರಿಂದ ಹನ್ನೆರಡು ವರ್ಷ ನಿಜ ಹೇಳಿದ ಸಾಕ್ಷಿ, ಈ ಮೂರು ಶನಿವಾರ ಸುಳ್ಳು ಹೇಳಿತ್ತು. ಎಲ್ಲರ ಕಾಲಿನಡಿ ಮೀನಿನ ಹೆಜ್ಜೆ ಹುಡುಕಿದವಳು ತನ್ನ ಕಾಲಿನಡಿ ನೋಡಿಕೊಂಡಿರಲಿಲ್ಲ.

ಈಗಲೇ ಹೋಗಿ ಮಾಲೀಕರಿಗೆ ಹೇಳಿಬಿಡು ಎಂದೆ. ಬಾಯಿಮಾತಿಗೆ ಬೆಲೆಯಿಲ್ಲ, ಪ್ರಮಾಣ ಬೇಕು ಎಂದಳು. ಇದರಲ್ಲಿ ಮತ್ತೆ ನನ್ನದೇ ಗಾದೆ ನನಗೆ ಎದುರಾಯಿತು.

ಗುರುವಾರ ಸಂಜೆ ಸರಿಯಾಗಿ ಆರಕ್ಕೆ ಅವಳು ಅದೇ ತೊಟ್ಟಿಯಿಂದ ಮೂವತ್ತು ಮೀನು ಎಣಿಸಿ ಒಂದು ಚೀಲ ಕಟ್ಟಿದಳು. ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಅಂಟುಪಟ್ಟಿ ಎಳೆದು, ತನ್ನ ಮೇಲೆಯೇ ನಂಬಿಕೆಯಿಲ್ಲವೆಂಬಂತೆ ಪಟ್ಟಿಯ ಮೇಲೆ ರುಜು ಹಾಕಿದಳು. ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ನನ್ನನ್ನೂ ಕರೆದುಕೊಂಡು ಹೋದಳು. ಚೀಲಕ್ಕೂ ಒಬ್ಬ ಸಾಕ್ಷಿ ಇರಲಿ ಎಂಬುದು ಅವಳ ವಾದ.

ಮಾಲೀಕರು ಮೇಜಿನ ಆಚೆ ನಿಂತಿದ್ದರು. ಹೊರಗೆ, ತೆರೆದ ಬಾಗಿಲಿನಾಚೆ, ಮೈದುನ ವ್ಯಾನಿಗೆ ಒರಗಿ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ತಲೆ ಬಾಚಿಕೊಂಡು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದ. ಕೆಲಸ ಬಿಡಲು ಬಂದವನಂತೆ ಕಾಣಲಿಲ್ಲ, ಕೆಲಸ ಕೇಳಲು ಬಂದವನಂತೆ ಕಾಣುತ್ತಿದ್ದ. ಅತ್ತಿಗೆಯ ಕಡೆಗೆ ಅವನು ನೋಡಲಿಲ್ಲ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಅವಳು ಅಂಟುಪಟ್ಟಿ ಕಿತ್ತು, ಚೀಲ ಬಿಚ್ಚಿ, ಬಿಳಿಯ ಬೇಸಿನ್ನಿಗೆ ಸುರಿದಳು. ಇಪ್ಪತ್ತೆರಡು ಈಜಿದವು. ಎಂಟು ಮಗ್ಗುಲಾಗಿ ತೇಲಿದವು.

"ಇದೇನಮ್ಮ, ನಿಮ್ಮ ಸಾಕ್ಷೀನೇ ಸತ್ತಿದೆಯಲ್ಲ" ಎಂದರು ಮಾಲೀಕರು.

"ಮೂರು ಶನಿವಾರದಿಂದ ಸಾಯ್ತಾನೇ ಇದೆ ಸರ್. ಅದು ಸಾಯೋಕೆ ಮುಂಚೆ ನಾನು ಚೀಲ ಬಿಚ್ಚಿ ಎಲ್ಲಾ ಸರಿ ಇದೆ ಅಂತ ಹೇಳ್ತಿದ್ದೆ."

ಅವಳು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ನೂಲು, ಭಾಗಾಕಾರ, ಎರಡು ಗಡಿಯಾರ, ಊಟದ ಮಾತಿನಿಂದ ಮಾಲೀಕರನ್ನೂ ಅನುಮಾನಿಸಿದ್ದು, ಯಾವುದನ್ನೂ ಬಿಡಲಿಲ್ಲ. ಮಾಲೀಕರು ಒಮ್ಮೆ ನಗಲು ಹೋಗಿ ನಿಲ್ಲಿಸಿಕೊಂಡರು. ಅಲ್ಲಿಯ ವೇಳೆ ಬೇರೆ ಎಂಬುದು ನಿಮಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದೆ, ವಿಮಾನದವರ ಕಾಗದದಲ್ಲಿದ್ದಂತೆಯೇ ಚೀಟಿಗೆ ನಕಲು ಮಾಡಿಬಿಟ್ಟೆ ಎಂದರು. ಎಂದುಕೊಂಡು ಬಿಡುವುದಕ್ಕಿಂತ ಕೇಳಿಬಿಡುವುದು ವಾಸಿ ಸರ್ ಎಂದಳು. ಆಮೇಲೆ, ಈ ಮಾತು ಹೇಳಲು ತನಗೇನು ಅರ್ಹತೆ ಎಂದು ತೋರಿತೋ ಏನೋ, ಬೇಸಿನ್ನಿನಲ್ಲಿ ತೇಲುತ್ತಿದ್ದ ಎಂಟನ್ನೂ ಬರಿಗೈಯಿಂದ ಎತ್ತಿ ಬದಿಗಿಟ್ಟಳು.

"ಯಾರನ್ನಾದ್ರೂ ತೆಗೀಬೇಕು ಅಂದ್ರೆ ನನ್ನನ್ನ ತೆಗೀರಿ. ಅವನು ಹೇಳಿದ್ದು ನಿಜ. ಮೂರು ಕಿಲೋಮೀಟರ್ ಹೆಚ್ಚಿಗೆ ಹೋಗಿದ್ದು ಮೀನಿಗೋಸ್ಕರಾನೇ."

ಮಾಲೀಕರು ಜೇಬಿನಿಂದ ಮೀಟರ್ ಲೆಕ್ಕದ ಕಾಗದ ತೆಗೆದು ಅವಳ ಕೈಗೆ ಕೊಟ್ಟರು. ಹೊಸ ಚಾಲಕನಿಗೆ ಬರಬೇಡವೆಂದು ತಾವೇ ಫೋನ್ ಮಾಡುತ್ತೇವೆ, ನಾಳೆ ಚೀಲಕ್ಕೆ ಎಷ್ಟು ಮೀನು ಎಂಬುದನ್ನು ಮಾತ್ರ ನೀವು ಹೇಳಿ ಎಂದರು. ಇಪ್ಪತ್ತು ಎಂದಳು.

ಅವಳು ಹೊರಗೆ ಹೋದಳು. ಕ್ಷಮೆ ಎಂಬ ಪದ ಅವಳ ಬಾಯಿಗೆ ಒಗ್ಗಿದ್ದಲ್ಲ. ನನ್ನ ತರಗತಿಯಲ್ಲೂ ಬರವಣಿಗೆಯಲ್ಲಿ ಮಾತ್ರ ಕೇಳುತ್ತಿದ್ದಳು. ಮೈದುನನೆದುರು ನಿಂತು ವ್ಯಾನಿನ ಚಕ್ರ ನೋಡಿದಳು, ಆಮೇಲೆ ಅವನ ಬೆರಳಿನಲ್ಲಿದ್ದ ಕೀ ನೋಡಿದಳು.

"ನಾಳೆ ಆ ಸುತ್ತು ದಾರೀಲೇ ಹೋಗು."

ಒಳಗಿನ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಆದರೂ ಅವನು ಸುಮ್ಮನೆ ಬಿಡಲಿಲ್ಲ.

"ಮೀಟರ್ ನೋಡ್ತೀರಾ ಅತ್ತಿಗೆ?"

"ನೋಡದೆ ಬಿಡ್ತೀನಾ? ಅರವತ್ತೆರಡು ಇದ್ರೆ ಕೇಳ್ತೀನಿ, ಮೂರು ಕಿಲೋಮೀಟರ್ ಎಲ್ಲಿ ಹೋಯ್ತು ಅಂತ."

ಅವನು ಕೀಯನ್ನು ಜೇಬಿಗೆ ಹಾಕಿಕೊಂಡ. ಆ ಮಧ್ಯಾಹ್ನ ಮೆಟ್ಟಿಲ ಮೇಲೆ ತಟ್ಟೆ ಇರಲಿಲ್ಲ ಎಂದು ಅವಳ ಗಂಡನೇ ನನಗೆ ಹೇಳಿದ. ಅವನಾಗಿ ಬಂದು ನನಗೊಂದು ಸುದ್ದಿ ಹೇಳಿದ್ದು ಅದೇ ಮೊದಲು.

ಭಾನುವಾರ ಬೆಳಗ್ಗೆ ಅವಳು ನಮ್ಮ ಗೇಟಿನ ಬಳಿ ನಿಂತಿದ್ದಳು. ಎಲ್ಲವೂ ಜೀವಂತ, ಒಂದೂ ಸತ್ತಿಲ್ಲ ಎಂದು ಗಿರಾಕಿ ಬರೆದಿದ್ದನಂತೆ. ಸಂತೋಷದ ಸಂಗತಿ ಎಂದೆ. ಅವಳ ಹುಬ್ಬು ಗಂಟಿಕ್ಕಿಕೊಂಡೇ ಇತ್ತು.

"ಅಷ್ಟು ದೂರದ ದಾರೀಲಿ ಒಂದೂ ಸಾಯಲಿಲ್ಲ ಅಂತಾನಲ್ಲ ಮೇಷ್ಟ್ರೇ, ಅವನು ಎಲ್ಲಾ ಚೀಲ ಬಿಚ್ಚಿ ನೋಡಿದ್ದಾನೆ ಅಂತೀರಾ?"